ವಾರ್ಡಿನಲ್ಲಿ ‘ಅದು’ ಬೇಡ, ಕೇಸ್ ಪೇಪರಿನಲ್ಲಿ ಏನು ಬರೆಯೋಣ?

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುವ ಮಕ್ಕಳಿಗೆ ಪಾಠ ಹೇಳುತ್ತೇನೆ. ಟ್ರಾನ್ಸ್‌ಜೆಂಡರ್ ರೋಗಿಗಳ ಆರೈಕೆ ಬಗ್ಗೆ ಅವರಿಗಾಗಿ ಕನ್ನಡದಲ್ಲಿ ನಾಲ್ಕು ಪುಟ ಬರೆಯಲು ಕೂತೆ, ಪದಗಳಲ್ಲೇ ಸಿಕ್ಕಿಕೊಂಡಿದ್ದೇನೆ.

ಶುರುವಾಗಿದ್ದು ಒಂದು ಮಾತಿನಿಂದ. ವಾರ್ಡಿನಲ್ಲಿ ಒಬ್ಬ ಸಿಸ್ಟರ್ ಇನ್ನೊಬ್ಬರನ್ನು ಕೇಳಿದರು, “ಅದಕ್ಕ ಸಲೈನ್ ಹಚ್ಚಿದಿರೇನು?” ಮಂಚದ ಮೇಲಿದ್ದವರು ಸೀರೆ ಉಟ್ಟ, ನಲವತ್ತು ದಾಟಿದ ಮನುಷ್ಯರು. ಕೇಳಿಸಿಕೊಂಡು ಗೋಡೆ ಕಡೆ ಹೊರಳಿದರು. ಆ ಸಿಸ್ಟರ್ ಕೆಟ್ಟವರಲ್ಲ, ‘ಅಂವ’ ಅನ್ನಬೇಕೋ ‘ಅಕಿ’ ಅನ್ನಬೇಕೋ ತಿಳಿಯದೆ ನಾಲಿಗೆ ಹಾಗೆ ಹೊರಳಿತು. ಕೂಸಿಗೆ ನಾವು ಪ್ರೀತಿಯಿಂದ ‘ಅದು’ ಅಂತೀವಿ, ನಿಜ. ಬೆಳೆದವರಿಗೆ ಅಂದರೆ ಅವರನ್ನು ಮಂಚ, ಸ್ಟೂಲಿನ ಸಾಲಿಗೆ ಸೇರಿಸಿದ ಹಾಗಲ್ವಾ? ನಮ್ಮ ಮಾತಿನಲ್ಲೇ ದಾರಿ ಇದೆ. ‘ಅವರು’, ‘ಬರ್ರಿ’, ‘ಕೂಡ್ರಿ’ ಇವು ಗಂಡೋ ಹೆಣ್ಣೋ ಅಂತ ಕೇಳುವುದೇ ಇಲ್ಲ. ಅಕ್ಕಾರ ಅನ್ನಬೇಕೋ ಅಣ್ಣಾರ ಅನ್ನಬೇಕೋ ಅನ್ನುವುದನ್ನು ಮಾತ್ರ “ನಿಮ್ಮನ್ನ ಏನಂತ ಕರೀಲ್ರಿ?” ಅಂತ ಅವರನ್ನೇ ಕೇಳಬೇಕು. ಆಧಾರ್‌ನಲ್ಲಿರುವ ಹಳೇ ಹೆಸರನ್ನು ಓಪಿಡಿಯಲ್ಲಿ ಜೋರಾಗಿ ಕೂಗುವುದಂತೂ ಬೇಡವೇ ಬೇಡ.

ಕಷ್ಟ ಬರೆಯುವಾಗ. ‘ತೃತೀಯ ಲಿಂಗಿ’ ಅಂದರೆ ಟ್ರಾನ್ಸ್ ಪುರುಷರು, ಅಂದರೆ ಹುಟ್ಟಿದಾಗ ಹೆಣ್ಣು ಅನ್ನಿಸಿಕೊಂಡು ತಮ್ಮನ್ನು ಗಂಡಸು ಅಂತ ತಿಳಿದವರು, ಒಪ್ಪದೇ ಇರಬಹುದು, ನಾನು ಗಂಡಸು, ಮೂರನೆಯವನು ಹೇಗೆ ಅಂತ ಕೇಳಬಹುದು. 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದೇ, ಗಂಡು, ಹೆಣ್ಣು, ತೃತೀಯ ಲಿಂಗ ಇವುಗಳಲ್ಲಿ ತಾವು ಯಾವುದು ಅಂತ ಅವರೇ ಹೇಳಿಕೊಳ್ಳಬಹುದು. ‘ಮಂಗಳಮುಖಿ’ ಅನ್ನುವುದು ಟ್ರಾನ್ಸ್ ಮಹಿಳೆಯರಿಗೆ, ಅಂದರೆ ಹುಟ್ಟಿದಾಗ ಗಂಡು ಅನ್ನಿಸಿಕೊಂಡು ತಮ್ಮನ್ನು ಹೆಣ್ಣು ಅಂತ ತಿಳಿದವರಿಗೆ; ಅದರಲ್ಲಿ ಟ್ರಾನ್ಸ್ ಪುರುಷರು ಬಿಟ್ಟೇ ಹೋಗುತ್ತಾರೆ. ‘ಜೋಗಪ್ಪ’ ನಮ್ಮ ಕಡೆ ಎಲ್ಲರಿಗೂ ಗೊತ್ತು, ಆದರೆ ಅದು ಸವದತ್ತಿ ಯಲ್ಲಮ್ಮನ ಮುತ್ತು ಕಟ್ಟಿಸಿಕೊಂಡು ದೇವಿಯ ಸೇವೆಗೆ ನಿಂತವರ ಹೆಸರು, ಎಲ್ಲರಿಗೂ ಹಚ್ಚಲಾಗದು. ‘ಲಿಂಗತ್ವ ಅಲ್ಪಸಂಖ್ಯಾತರು’ ಸರ್ಕಾರದ ಕಾಗದಕ್ಕೆ ಸರಿ. ಹನ್ನೆರಡನೇ ಮಂಚದ ಒಬ್ಬರನ್ನು ಅಲ್ಪಸಂಖ್ಯಾತರು ಅನ್ನುವುದು ಹೇಗೆ?

ಇನ್ನೊಂದು, ಅವರ ಮಾತು ನಮಗೆ ತಿಳಿಯದೆ ಆಗುವ ಎಡವಟ್ಟು. ಹಿಜಡಾ ಸಮುದಾಯದಲ್ಲಿ ‘ನಿರ್ವಾಣ’ ಅಂದರೆ ಗಂಡಿನ ಅಂಗ ತೆಗೆಸಿಕೊಳ್ಳುವುದು. “ನಿರ್ವಾಣ ಆಗೇದ್ರಿ” ಅಂದರೆ ಸಿಸ್ಟರ್ ಅದನ್ನು ದೇವರ ವಿಷಯ ಅಂದುಕೊಂಡು ಬಿಟ್ಟುಬಿಟ್ಟರೆ, ಮುಂದೆ ಕ್ಯಾಥೆಟರ್ (ಮೂತ್ರದ ನಳಿಕೆ) ಹಾಕುವಾಗ ಇಬ್ಬರಿಗೂ ತೊಂದರೆ. ಜೊತೆಗೆ ಬಂದವರು ಯಾರು ಅಂದರೆ ‘ಗುರು’ ಅನ್ನುತ್ತಾರೆ. ಅದು ಮಠದ ಗುರುವೂ ಅಲ್ಲ, ಸಾಲಿ ಗುರುವೂ ಅಲ್ಲ, ಮನೆಗೆ ಕರೆದುಕೊಂಡು ತಾಯಿಯ ಜಾಗದಲ್ಲಿ ನಿಂತವರು. ಸಂಬಂಧ ಅನ್ನುವ ಕಾಲಮ್ಮಿನಲ್ಲಿ ‘ಗುರು’ ಅಂತಲೇ ಬರೆದುಕೊಳ್ಳಿ ಅಂತ ನಾನು ಹೇಳುತ್ತಿದ್ದೇನೆ.

ಕಾಲಮ್ ವಿಷಯಕ್ಕೆ ಬರುತ್ತೇನೆ. ‘ಲಿಂಗ: ಗಂಡು, ಹೆಣ್ಣು, ಇತರೆ’. ಖರ್ಚಿನ ಪಟ್ಟಿಯ ಕೊನೆಗೆ ಹಾಕುವ ‘ಇತರೆ’ ಇಲ್ಲೂ ಬಂದಿದ್ದು ನನಗೆ ಬಹಳ ನೋವು ಕೊಡುತ್ತದೆ. ಅದೂ ಅಲ್ಲದೆ ನರ್ಸ್‌ಗೆ ಎರಡು ಬೇರೆ ಬೇರೆ ವಿಷಯ ಬೇಕು. ರೋಗಿ ತನ್ನನ್ನು ಯಾರು ಅಂತ ತಿಳಿದಿದ್ದಾರೆ, ಅದು ಲಿಂಗತ್ವ. ದೇಹದಲ್ಲಿ ಏನೇನು ಇದೆ, ಅದು ಬೇರೆ. ಟ್ರಾನ್ಸ್ ಮಹಿಳೆಗೆ ಆಪರೇಶನ್ ಆದ ಮೇಲೂ ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿರುವ ಗಂಡಸರ ಗ್ರಂಥಿ) ಇರುತ್ತದೆ, ಗರ್ಭಕೋಶ ತೆಗೆಸದ ಟ್ರಾನ್ಸ್ ಪುರುಷರಿಗೆ ಅದರ ಬಾಯಿಯ ಕ್ಯಾನ್ಸರ್ ತಪಾಸಣೆ ಬೇಕು. ಈಸ್ಟ್ರೋಜನ್ (ಹೆಣ್ಣಿನ ಹಾರ್ಮೋನು) ತೆಗೆದುಕೊಳ್ಳುವವರ ಒಂದು ಕಾಲು ಬಾತು ನೋವು ಬಂದರೆ ರಕ್ತ ಹೆಪ್ಪುಗಟ್ಟಿದೆಯಾ ಅಂತ ಡಾಕ್ಟರಿಗೆ ಕೂಡಲೇ ಹೇಳಬೇಕು. ಇದನ್ನೆಲ್ಲ ಪರದೆ ಎಳೆದು, ಮೆಲ್ಲಗೆ, ಚಿಕಿತ್ಸೆಗೆ ಬೇಕಾದಷ್ಟೇ ಕೇಳಬೇಕು.

ಈಗ ನನ್ನ ಪ್ರಶ್ನೆ. ‘ಇತರೆ’ ಜಾಗಕ್ಕೆ ‘ಟ್ರಾನ್ಸ್ ಮಹಿಳೆ’, ‘ಟ್ರಾನ್ಸ್ ಪುರುಷ’, ಒಂದು ಖಾಲಿ ಗೆರೆ ಇಟ್ಟಿದ್ದೇನೆ. ‘ಟ್ರಾನ್ಸ್’ಗೆ ಹಾವೇರಿ, ಗದಗ ಕಡೆ ಆ ಸಮುದಾಯದವರೇ ಬಳಸುವ, ಬೈಗುಳವಲ್ಲದ ಕನ್ನಡ ಪದ ನಿಮಗೆ ಗೊತ್ತಾ? ಮತ್ತೆ ತಲೆಬರಹ. ‘ಸರ್ವರನ್ನೂ ಒಳಗೊಳ್ಳುವ ಶುಶ್ರೂಷೆ’ ನಮ್ಮ ಹುಡುಗಿಯರ ಬಾಯಿಗೆ ಬರುವುದಿಲ್ಲ. ಸದ್ಯ ‘ಯಾರನ್ನೂ ಹೊರಗಿಡದ ಆರೈಕೆ’ ಅಂತ ಬರೆದಿದ್ದೇನೆ. ಇದಕ್ಕಿಂತ ಚಲೋ ಹೊಳೆದರೆ ಹೇಳಿ, ಅಚ್ಚಿಗೆ ಇನ್ನೂ ಕೊಟ್ಟಿಲ್ಲ.