ಡೈವಿಂಗ್: ಫಂಡಮೆಂಟಲ್ಸ್ ಕೋರ್ಸ್ ಮೊದಲಾ, ಬಡ್ಡಿ (ನೀರಿನಡಿಯ ಜೊತೆಗಾರ) ಮೊದಲಾ? ಅನುಭವ ಇದ್ದವರು ಹೇಳಿ

ಜಯನಗರ ಡೈವರ್:
ಎಲ್ಲರಿಗೂ ನಮಸ್ಕಾರ. ವಯಸ್ಸು 41. ಸ್ಕೂಬಾ ಡೈವಿಂಗ್‌ನ ಎರಡನೇ ಹಂತದ ಕೋರ್ಸ್, ಅಡ್ವಾನ್ಸ್ಡ್ ಓಪನ್ ವಾಟರ್, ಆಗಿದೆ. ಒಟ್ಟು 26 ಡೈವ್, ಜಾಸ್ತಿ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ, ಉಳಿದದ್ದು ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ. ಹೋದ ಸಲ ನನ್ನ ಕಾಲಿನ ಫಿನ್ ಏಟಿಗೆ ಮರಳೆದ್ದು ಹಿಂದೆ ಬರುತ್ತಿದ್ದವರಿಗೆ ಏನೂ ಕಾಣಲಿಲ್ಲ. ತುಂಬಾ ನಾಚಿಕೆಯಾಯಿತು. ನನಗೆ ಜೊತೆ ಮಾಡಿಕೊಟ್ಟಿದ್ದ ಬಡ್ಡಿ ಕ್ಯಾಮೆರಾ ಹಿಡಿದು ಮುಂದೆ ಹೋದವರು ಒಂದು ಸಲವೂ ತಿರುಗಿ ನೋಡಲಿಲ್ಲ. ಹೆಂಡತಿ ಡೈವ್ ಮಾಡುವುದು ಬಿಟ್ಟಿದ್ದಾಳೆ, ಹಾಗಾಗಿ ಜೊತೆಗೆ ಯಾರೂ ಇಲ್ಲ. ಬಾಯನ್ಸಿ (ಮುಳುಗದೆ ಏಳದೆ ಒಂದೇ ಆಳದಲ್ಲಿ ತೇಲುವುದು), ಟ್ರಿಮ್ (ಮೈ ಅಡ್ಡಕ್ಕೆ ನೇರವಾಗಿ ಇಡುವುದು), ಫ್ರಾಗ್ ಕಿಕ್ (ಕಪ್ಪೆಯ ಹಾಗೆ ಕಾಲಾಡಿಸುವುದು) ಬುಡದಿಂದ ಕಲಿಸುವ ಕೋರ್ಸ್ ಮಾಡಬೇಕು ಅಂತಿದ್ದೇನೆ. ಬಜೆಟ್ 1 ಲಕ್ಷ. ಕಣ್ಣಿಗೆ ಮೈನಸ್ 4.5 ಪವರ್ ಇದೆ, ಅದು ತೊಂದರೆ ಆಗುತ್ತಾ? ಒಬ್ಬನೇ ಹೋಗಿ ಮಾಡಿ ಬರಲಾ, ಇಲ್ಲ ಬಡ್ಡಿ ಸಿಕ್ಕ ಮೇಲೆ ಇಬ್ಬರೂ ಸೇರಿ ಮಾಡುವುದಾ?

ಶರಾವತಿ ದಡ:
ನಾನು ಎರಡು ವರ್ಷದ ಹಿಂದೆ ಥಾಯ್ಲೆಂಡಿನ ಕೊಹ್ ಟಾವ್‌ಗೆ ಹೋಗಿ ಜಿಯುಇ ಅನ್ನುವ ಡೈವಿಂಗ್ ಸಂಸ್ಥೆಯ ಫಂಡಮೆಂಟಲ್ಸ್ ಕೋರ್ಸ್ ಮಾಡಿದೆ. ಆಗಲೇ 140 ಡೈವ್ ಆಗಿತ್ತು. ಎಲ್ಲಾ ಬರುತ್ತದೆ ಅಂದುಕೊಂಡಿದ್ದೆ. ಮೊದಲ ದಿನ ಸಂಜೆ ನಮ್ಮದೇ ವಿಡಿಯೋ ಹಾಕಿ ತೋರಿಸಿದರು. ನಾನು ನೀರಲ್ಲಿ ಓರೆಯಾಗಿ ನಿಂತಿದ್ದೆ, ಎರಡೂ ಕೈ ಬಡಿಯುತ್ತಿದ್ದೆ. ಆ ರಾತ್ರಿ ಊಟ ಸೇರಲಿಲ್ಲ.

ಖರ್ಚು ಬರೆದಿಟ್ಟಿದ್ದೇನೆ, ಹಾಗೇ ಹೇಳುತ್ತೇನೆ. ಫೀಸ್ 92 ಸಾವಿರ. ವಿಮಾನ, ಫೆರ್ರಿ 31 ಸಾವಿರ. ರೂಮು 14 ಸಾವಿರ. ಸಿಲಿಂಡರ್ ಮತ್ತು ದೋಣಿ ಬೇರೆ, ಅದು 18 ಸಾವಿರ. ಜಾಕೆಟ್ ಬಿಸಿಡಿ (ಗಾಳಿ ತುಂಬಿಸಿ ತೇಲುವ ಜಾಕೆಟ್) ನಡೆಯುವುದಿಲ್ಲ. ಬೆನ್ನಿಗೆ ಕಟ್ಟುವ ಬ್ಯಾಕ್‌ಪ್ಲೇಟ್, ಅದರ ಗಾಳಿಚೀಲ ವಿಂಗ್, ಉಸಿರಾಡುವ ರೆಗ್ಯುಲೇಟರ್, ಇನ್ನೊಬ್ಬರಿಗೆ ಗಾಳಿ ಕೊಡಲು 2.1 ಮೀಟರ್ ಲಾಂಗ್ ಹೋಸ್ (ಉದ್ದ ಕೊಳವೆ), ರಬ್ಬರ್ ಫಿನ್ ಎಲ್ಲಾ ಸೇರಿ 1 ಲಕ್ಷ 10 ಸಾವಿರ, ಅದರಲ್ಲೂ ಅರ್ಧ ಸೆಕೆಂಡ್ ಹ್ಯಾಂಡ್. ಒಟ್ಟು 2 ಲಕ್ಷ 65 ಸಾವಿರ. ಇಷ್ಟಾಗಿಯೂ ಮೊದಲ ಸಲ ಪಾಸ್ ಆಗಲಿಲ್ಲ.

ಈಜಿನ ಪರೀಕ್ಷೆ 14 ನಿಮಿಷದೊಳಗೆ 275 ಮೀಟರ್, ಅದು ಆಯಿತು. ಕೆಟ್ಟದ್ದು ಎಸ್‌ಎಂಬಿ (ನೀರಿನ ಮೇಲಕ್ಕೆ ಕಳಿಸುವ ಗುರುತಿನ ಬಲೂನು) ಬಿಡುವಾಗ. ಹೇಳಿದ ಆಳದಿಂದ 1.5 ಮೀಟರ್ ಒಳಗೇ ಇರಬೇಕು, ಮೈ 30 ಡಿಗ್ರಿಗಿಂತ ಜಾಸ್ತಿ ಓರೆಯಾಗಬಾರದು. ನಾನು 6 ಮೀಟರ್‌ನಲ್ಲಿ ರೀಲ್ ಬಿಚ್ಚುತ್ತಾ ಬಿಚ್ಚುತ್ತಾ 3 ಮೀಟರ್‌ಗೆ ಬಂದಿದ್ದೆ. ನನಗೆ ಗೊತ್ತೇ ಆಗಲಿಲ್ಲ! ಪ್ರೊವಿಷನಲ್ ಕೊಟ್ಟರು, ಮತ್ತೆ ಬಂದು ಪಾಸ್ ಆಗಲು ಆರು ತಿಂಗಳ ಟೈಮು. ಬೆಂಗಳೂರಿಗೆ ಬಂದು ಈಜುಕೊಳ ಹುಡುಕಿದರೆ ಸಿಲಿಂಡರ್ ಒಳಗೆ ಬಿಡುವವರೇ ಇಲ್ಲ, ಟೈಲ್ಸ್ ಒಡೆಯುತ್ತದೆ ಅಂತಾರೆ. ಕೊನೆಗೆ ಒಂದು ಕಡೆ ಗಂಟೆಗೆ 1,200 ರೂಪಾಯಿಗೆ ಒಪ್ಪಿದರು. 22 ಗಂಟೆ ಅಭ್ಯಾಸ, 26,400. ಮತ್ತೆ ಕೊಹ್ ಟಾವ್‌ಗೆ 57 ಸಾವಿರ. ಅಲ್ಲಿಗೆ 3 ಲಕ್ಷ 48 ಸಾವಿರ ದಾಟಿತು. ಎರಡನೇ ಸಲ ಪಾಸ್ ಆದೆ. ಮೇಲೆ ಬಂದು ದೋಣಿ ಏಣಿ ಹಿಡಿದುಕೊಂಡು ಅತ್ತುಬಿಟ್ಟೆ.

ಬಡ್ಡಿ ಸಿಕ್ಕಿದ್ದೂ ಅಲ್ಲೇ. ಟೀಮಿನಲ್ಲಿದ್ದ ಚೆನ್ನೈನವರ ಜೊತೆ ಈಗ ಪುದುಚೇರಿಯಲ್ಲಿ ಡೈವ್ ಮಾಡುತ್ತೇನೆ. ನೀರಿನ ಕೆಳಗೆ ನಾನು ಟಾರ್ಚ್ ಆಡಿಸುವ ಮುಂಚೆ ಅವರು ತಿರುಗಿರುತ್ತಾರೆ. ಸುಮ್ನೆ ಚಿಕ್ಕಪುಟ್ಟ ಕೋರ್ಸಿಗೆ ದುಡ್ಡು ಹಾಕಬೇಡಿ.

ಕಡಲಹಕ್ಕಿ:
ಚಿಕ್ಕಪುಟ್ಟ ಕೋರ್ಸ್ ಅಂದರೆ ಏನು ಸಾರ್? ನಾನು ಮಾಡಿದ್ದು ಪ್ಯಾಡಿ ಅನ್ನುವ ಡೈವಿಂಗ್ ಸಂಸ್ಥೆಯ ಪೀಕ್ ಪರ್ಫಾರ್ಮೆನ್ಸ್ ಬಾಯನ್ಸಿ. ಎರಡೇ ಡೈವ್. 13 ಸಾವಿರ ಕೊಟ್ಟೆ. ಅದಕ್ಕಿಂತ ಮುಂಚೆ ನಾನು ಸೊಂಟಕ್ಕೆ 8 ಕೆಜಿ ಸೀಸ ಕಟ್ಟಿಕೊಂಡು ಇಳಿಯುತ್ತಿದ್ದೆ. ಒಂದು ಅಂಗಡಿಯವರು ಮೊದಲ ದಿನ ಕಟ್ಟಿದ್ದು ಅಷ್ಟು, ಯಾರೂ ಬೇಡ ಅನ್ನಲಿಲ್ಲ. ಅಷ್ಟು ಭಾರಕ್ಕೆ ಬಿಸಿಡಿಗೆ ಗಾಳಿ ತುಂಬಬೇಕು, ಗಾಳಿ ತುಂಬಿದರೆ ಎದೆ ಮೇಲೆ ಕಾಲು ಕೆಳಗೆ, ಕಾಲು ಕೆಳಗಾದರೆ ಮರಳು ಏಳುತ್ತದೆ. 35 ಡೈವ್ ಹಾಗೇ ಕಳೆದೆ. ಪ್ರತಿ ಸಲ ಮೊದಲು ಗಾಳಿ ಖಾಲಿಯಾಗುತ್ತಿದ್ದದ್ದು ನನ್ನದೇ. ನನ್ನಿಂದ ಎಲ್ಲರೂ ಮೇಲೆ ಬರಬೇಕಾಗುತ್ತಿತ್ತು. ದೋಣಿಯಲ್ಲಿ ಅವರ ಮುಖ ನೋಡಲಾಗುತ್ತಿರಲಿಲ್ಲ.

ಈ ಕೋರ್ಸಿನಲ್ಲಿ ಕಲಿಸಿದವರು ಸಿಲಿಂಡರ್ ಖಾಲಿಯಾಗುತ್ತಾ ಬಂದು 50 ಬಾರ್ ಗಾಳಿ ಇರುವಾಗ 5 ಮೀಟರ್‌ನಲ್ಲಿ ನಿಲ್ಲಿಸಿ ಒಂದೊಂದೇ ಸೀಸ ತೆಗೆದರು. 4 ಕೆಜಿಗೆ ಬಂದೆ. ಈಗ ಅದೇ ಸಿಲಿಂಡರ್‌ನಲ್ಲಿ 50 ನಿಮಿಷ ಇರುತ್ತೇನೆ. ಮೂರೂವರೆ ಲಕ್ಷ ಯಾಕೆ ಬೇಕು? ಜಿಯುಇ ಕಟ್ಟಿದ್ದು 1998ರಲ್ಲಿ, ಫ್ಲಾರಿಡಾದ ಗುಹೆ ಡೈವರ್‌ಗಳು. ಗುಹೆಯಲ್ಲಿ ಒಬ್ಬರ ಹಿಂದೆ ಒಬ್ಬರು ಸಂದಿಯಲ್ಲಿ ಬರಬೇಕು, ಅದಕ್ಕೆ ಲಾಂಗ್ ಹೋಸ್. ನೇತ್ರಾಣಿಯಲ್ಲಿ ಯಾವ ಗುಹೆ ಇದೆ ಅಂತ ಅದು?

ಬಡ್ಡಿ ವಿಷಯಕ್ಕೆ ಬಂದರೆ ನನಗೆ ನನ್ನ ನಾದಿನಿ. ನಾನೇ ಹುರಿದುಂಬಿಸಿ ಕಲಿಸಿದೆ. ಮನೆಯಲ್ಲೇ ಹುಡುಕಿ.

ಶರಾವತಿ ದಡ:
ಕಡಲಹಕ್ಕಿಯವರೇ, ಗಾಳಿ ಖಾಲಿಯಾಗಿ ಗಾಬರಿ ಬಿದ್ದವರು ನಿಮ್ಮ ಬಾಯಲ್ಲಿರುವ ರೆಗ್ಯುಲೇಟರನ್ನೇ ಕಿತ್ತುಕೊಳ್ಳುತ್ತಾರೆ. ಅದಕ್ಕೇ ಬಾಯಲ್ಲಿರುವುದನ್ನೇ ಕೊಟ್ಟು, ಗಂಟಲ ಕೆಳಗೆ ತೂಗುವ ಇನ್ನೊಂದನ್ನು ನಾವು ಕಚ್ಚುವುದು. ಗುಹೆ ಇರಲಿ ಬಿಡಲಿ, ಗಾಬರಿ ಒಂದೇ. ನಾನು ಇದನ್ನು ಪುದುಚೇರಿಯಲ್ಲಿ ನಿಜವಾಗಿ ಮಾಡಿದ್ದೇನೆ, 17 ಮೀಟರ್‌ನಲ್ಲಿ, ಗುರುತೇ ಇಲ್ಲದ ಒಬ್ಬ ಹುಡುಗನಿಗೆ. ಎರಡೇ ಡೈವ್ ಇರುವ ನಿಮ್ಮ ಕೋರ್ಸಿನಲ್ಲಿ ಇದನ್ನು ಎಷ್ಟು ಸಲ ಅಭ್ಯಾಸ ಮಾಡಿಸಿದರು ಹೇಳಿ?

ಕಡಲಹಕ್ಕಿ:
ನಾನು ಮತ್ತು ನಾದಿನಿ ಪ್ರತಿ ಟ್ರಿಪ್‌ನಲ್ಲಿ ಮೊದಲ ಡೈವ್‌ಗೆ ಅದನ್ನೇ ಮಾಡುತ್ತೇವೆ. ಫೀಸ್ ಕಟ್ಟಿದರೆ ಮಾತ್ರ ಬರುತ್ತದೆ ಅನ್ನಬೇಡಿ.

ಮ್ಯೂನಿಕ್ ಮೀನು:
ನಾನು ಹಾಸನದವನು, ಒಂಬತ್ತು ವರ್ಷದಿಂದ ಜರ್ಮನಿಯ ಮ್ಯೂನಿಕ್‌ನಲ್ಲಿ. ಇಲ್ಲಿ ಹತ್ತಿರ ಸಮುದ್ರ ಇಲ್ಲ, ಕೆರೆ. ವಾಲ್ಷೆನ್‌ಸೇ, ಸ್ಟಾರ್ನ್‌ಬರ್ಗ್ ಸರೋವರ. ಆಳದಲ್ಲಿ ಬೇಸಿಗೆಯಲ್ಲೂ ಐದಾರು ಡಿಗ್ರಿ. ಡ್ರೈಸೂಟ್ (ಒಳಗೆ ನೀರು ಬಾರದ ಉಡುಪು) ಇಲ್ಲದೆ ಆಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಡ್ರೈಸೂಟ್ 700 ಯೂರೋ ಅಂತ ಖುಷಿಯಿಂದ ಕೊಂಡೆ. ಕುತ್ತಿಗೆ ಸೀಲ್ ಸೋರುತ್ತಿತ್ತು. ಬದಲಿಸಲು 140. ಆಮೇಲೆ ಝಿಪ್ ಹೋಯಿತು, ಅದಕ್ಕೆ 280. ಹೊಸದಕ್ಕೇ ಇನ್ನೊಂದಿಷ್ಟು ಸೇರಿಸಬಹುದಿತ್ತು ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಫಂಡಮೆಂಟಲ್ಸ್‌ನ ಎರಡನೇ ದಿನ ಎಡತೋಳು ಪೂರ್ತಿ ಒದ್ದೆ. ನಡುಗುತ್ತಾ ಹಿಂದಕ್ಕೆ ಸರಿಯುವ ಬ್ಯಾಕ್ ಕಿಕ್ ಮಾಡಲು ಹೋಗಿ ಮುಂದಕ್ಕೇ ಹೋಗುತ್ತಿದ್ದೆ.

ಆದರೆ ಬಡ್ಡಿ ಕೊಟ್ಟಿದ್ದು ಕೋರ್ಸ್ ಅಲ್ಲ, ಕ್ಲಬ್. ಇಲ್ಲಿ ಡೈವಿಂಗ್ ಸಂಘಗಳು ವಾರಕ್ಕೊಂದು ದಿನ ಈಜುಕೊಳದಲ್ಲಿ ಸೇರುತ್ತವೆ. 14 ತಿಂಗಳು ಮಂಗಳವಾರ ತಪ್ಪಿಸದೆ ಹೋದೆ. ಮೊದಲ ಆರು ತಿಂಗಳು ಯಾರೂ ಕರೆಯಲಿಲ್ಲ. ಆಮೇಲೆ 63 ವರ್ಷದ ಒಬ್ಬರು, ನಿವೃತ್ತ ಮೇಷ್ಟ್ರು, ಭಾನುವಾರ ಬರ್ತೀಯಾ ಅಂದರು. ಇವತ್ತಿಗೆ ಅವರ ಜೊತೆ 110 ಡೈವ್. ಅವರ ಹತ್ತಿರ ಯಾವ ಫಂಡಮೆಂಟಲ್ಸ್ ಕಾರ್ಡೂ ಇಲ್ಲ, ಹಳೇ ಜಾಕೆಟ್ ಬಿಸಿಡಿ. ಆದರೆ ಒಂದು ಕೈಯಳತೆ ಬಿಟ್ಟು ಆಚೆ ಹೋಗುವುದಿಲ್ಲ. ಬೆಂಗಳೂರಿನವರು ಇಂಥ ವಾರದ ಅಭ್ಯಾಸ ಯಾಕೆ ಶುರು ಮಾಡಬಾರದು?

ಶರಾವತಿ ದಡ:
ಈಜುಕೊಳದ ಬಾಡಿಗೆ ಯಾರು ಕೊಡುತ್ತಾರೆ? ಮೇಲೆ ಬರೆದಿದ್ದೇನಲ್ಲ.

ಘಟ್ಟದ ಕೆಳಗಿನವ:
ನಾನು ಮುರುಡೇಶ್ವರದ ಕಡೆಯವನು. ಏಳು ಸೀಸನ್ ದೋಣಿಯಲ್ಲಿ ಡೈವ್‌ಮಾಸ್ಟರ್ (ಗೈಡ್) ಕೆಲಸ ಮಾಡಿದ್ದೇನೆ. ಮಳೆಗಾಲ ಪೂರ್ತಿ ಬಂದ್, ಇರುವುದೇ ಕೆಲವು ತಿಂಗಳ ದುಡಿಮೆ. ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್. ಬೆಂಗಳೂರಿನವರು ರಾತ್ರಿ ಬಸ್ಸಿನಲ್ಲಿ ಬಂದು, ನಿದ್ದೆ ಇಲ್ಲದೆ, ಖಾಲಿ ಹೊಟ್ಟೆಯಲ್ಲಿ ದೋಣಿ ಹತ್ತುತ್ತಾರೆ. ಅರ್ಧ ದಾರಿಗೇ ವಾಂತಿ. ಆಮೇಲೆ ಬಡ್ಡಿ ಸರಿ ಇಲ್ಲ ಅಂತ ದೂರು.

ಇನ್ನೊಂದು ಮಾತು, ಬೇಜಾರಿನಿಂದಲೇ ಹೇಳುತ್ತಿದ್ದೇನೆ. ಕೋರ್ಸ್ ಮಾಡಿ ಬಂದ ಕೆಲವರು ನನ್ನ ಬ್ರೀಫಿಂಗ್ ನಡುವೆ ಬಾಯಿ ಹಾಕುತ್ತಾರೆ. ಹೋದ ಜನವರಿಯಲ್ಲಿ ಅಂಥವರೊಬ್ಬರು ನಮಗೆ ಗೈಡ್ ಬೇಡ ಅಂದರು. ಟ್ರಿಮ್ ಚಂದವೇ ಇತ್ತು. ಆದರೆ ದ್ವೀಪದ ಆಚೆ ಬದಿ ಸೆಳೆತ ತಿರುಗಿದ್ದು ಅವರಿಗೆ ತಿಳಿಯಲಿಲ್ಲ. ದೋಣಿಯಿಂದ ಅರ್ಧ ಕಿಲೋಮೀಟರ್ ಆಚೆ ಎದ್ದರು. ಹುಡುಕಿ ತಂದದ್ದು ನಾನು. ಆ ಹೊತ್ತಿಗೆ ನನ್ನ ಕೈ ನಡುಗುತ್ತಿತ್ತು. ಹೊಸಬರ ಬಗ್ಗೆ ಗಾಬರಿ ಪಡುವುದಿಲ್ಲ ನಾನು, ಅವರು ಹೇಳಿದ್ದು ಕೇಳುತ್ತಾರೆ. ಗ್ಲೌಸ್ ಹಾಕಿಕೊಂಡು ಬಂದು ಹವಳ ಹಿಡಿದು ನಿಲ್ಲುವವರದ್ದು ಇನ್ನೂ ದೊಡ್ಡ ಕಥೆ.

ಕಡಲಹಕ್ಕಿ:
ಗ್ಲೌಸ್ ಬಗ್ಗೆ ಹಾಗೆ ಹೇಳಬೇಡಿ. ಇಳಿಯುವ ಹಗ್ಗಕ್ಕೆ ಅಂಟಿ ಬೆಳೆದ ಚಿಪ್ಪು ನನ್ನ ಅಂಗೈ ಸೀಳಿತ್ತು, ನಾಲ್ಕು ಹೊಲಿಗೆ. ಅಂದಿನಿಂದ ಹಾಕುತ್ತೇನೆ. ಹವಳ ಮುಟ್ಟಿಲ್ಲ.

ಘಟ್ಟದ ಕೆಳಗಿನವ:
ಅಕ್ಕ, ನೀವು ಮುಟ್ಟಿಲ್ಲ, ಒಪ್ಪಿದೆ. ಹತ್ತರಲ್ಲಿ ಎಂಟು ಜನ ಮುಟ್ಟುತ್ತಾರೆ. ಕೈ ಬರಿದಿದ್ದರೆ ತಾವಾಗಿಯೇ ಹುಷಾರಾಗಿರುತ್ತಾರೆ. ಹಗ್ಗ ಇಳಿದ ಮೇಲೆ ಕಳಚಿ ಜೇಬಿಗೆ ಹಾಕಿ.

ಶರಾವತಿ ದಡ:
ಒಬ್ಬರು ತಪ್ಪು ಮಾಡಿದರು ಅಂತ ಕೋರ್ಸನ್ನೇ ಬಯ್ಯುವುದು ಸರಿಯಲ್ಲ. ಸ್ಥಳದವರ ಮಾತು ಕೇಳಿ, ಇಳಿಯುವ ಮೊದಲೇ ಟೀಮ್ ಕೂತು ಪ್ಲಾನ್ ಮಾಡಿ ಅಂತಲೇ ನನಗೆ ಕಲಿಸಿದ್ದು.

ಘಟ್ಟದ ಕೆಳಗಿನವ:
ಕಲಿಸಿರಬಹುದು ಸಾರ್. ನಾನು ಹುಡುಕಿದ್ದು ಕಲಿತವರನ್ನೇ.

ಜಯನಗರ ಡೈವರ್:
ಇಷ್ಟೆಲ್ಲಾ ಬರೆದಿದ್ದಕ್ಕೆ ಥ್ಯಾಂಕ್ಸ್. ನನ್ನ ಕಣ್ಣಿನ ವಿಷಯ ಯಾರೂ ಹೇಳಲಿಲ್ಲ. ಮಾಸ್ಕ್ ತೆಗೆದರೆ ಗಾಳಿ ಎಷ್ಟಿದೆ ತೋರಿಸುವ ಗೇಜ್ ಕಾಣುವುದಿಲ್ಲ, ಮಾಸ್ಕ್ ಹಾಕಿದರೂ ಮಸುಕು. ಅದಕ್ಕೇ ಬಡ್ಡಿ ಕಣ್ಣು ತಪ್ಪುತ್ತಾರಾ ಅಂತಲೂ ಅನುಮಾನ.

ಮ್ಯೂನಿಕ್ ಮೀನು:
ಕ್ಷಮಿಸಿ, ಅದನ್ನೇ ಮೊದಲು ಹೇಳಬೇಕಿತ್ತು. ನನ್ನದು ಮೈನಸ್ 5. ಗಾಜು ಬದಲಿಸಬಹುದಾದ ಮಾಸ್ಕ್ ತಗೊಳ್ಳಿ, ಪವರ್ ಇರುವ ಲೆನ್ಸ್ ರೆಡಿ ಸಿಗುತ್ತವೆ. ನೀರೊಳಗೆ ಎಲ್ಲಾ ಸ್ವಲ್ಪ ದೊಡ್ಡದಾಗಿ, ಹತ್ತಿರ ಕಾಣುತ್ತದೆ, ಹಾಗಾಗಿ ನನಗೆ ಮೈನಸ್ 4.5 ಸಾಕಾಯಿತು. ಕಣ್ಣಿನ ಡಾಕ್ಟರನ್ನು ಒಂದು ಮಾತು ಕೇಳಿ. ಕೋರ್ಸಿಗೆ ಮುಂಚೆ ಇದನ್ನು ಮಾಡಿ. ನಾನು 30 ಡೈವ್ ಬಡ್ಡಿಯನ್ನು ಫಿನ್ ಬಣ್ಣದಿಂದ ಗುರುತು ಹಿಡಿದಿದ್ದೆ.

ಕಡಲಹಕ್ಕಿ:
ಜಯನಗರದವರೇ, ನಾನೂ ನಾದಿನಿಯೂ ನವೆಂಬರ್ ಎರಡನೇ ಶನಿವಾರ ನೇತ್ರಾಣಿಗೆ ಹೋಗುತ್ತಿದ್ದೇವೆ. ಶುಕ್ರವಾರ ಮಧ್ಯಾಹ್ನವೇ ಹೊರಟು ರಾತ್ರಿ ಅಲ್ಲೇ ಮಲಗುವುದು. ಕಾರಲ್ಲಿ ಎರಡು ಸೀಟಿದೆ. ಸೀಸ ಎಷ್ಟು ಬೇಕು ನೋಡಿಬಿಡೋಣ.

ಶರಾವತಿ ದಡ:
ಇನ್ನೊಂದು ಸೀಟು ನನಗೆ ಕೊಡುತ್ತೀರಾ? ಲಾಂಗ್ ಹೋಸ್ ತರುತ್ತೇನೆ. ನೀವೇ ಒಂದು ಸಲ ಕೊಟ್ಟು ನೋಡಿ, ಆಮೇಲೆ ಬಯ್ಯಿರಿ.

ಕಡಲಹಕ್ಕಿ:
ಬನ್ನಿ. ಪೆಟ್ರೋಲ್ ನಾಲ್ಕು ಪಾಲು.