ಬೇಸಿಗೆ ರಜೆ: ಮಕ್ಕಳಿಗೆ ಮನೆ ಹೊರಗೆ ಮಾಡಿಸುವಂಥ ವಿಜ್ಞಾನದ ಪ್ರಯೋಗ ಇದ್ದರೆ ಹೇಳಿ

ಬೆಣ್ಣೆದೋಸೆ ಊರಿನವಳು:
ನಮ್ಮದು ದಾವಣಗೆರೆ. ಮಗ ಆರನೇ ಕ್ಲಾಸು, ಮಗಳು ಎರಡನೇ ಕ್ಲಾಸು. ರಜೆ ಶುರುವಾದಾಗಿಂದ ಇಬ್ಬರೂ ಮೊಬೈಲ್ ಬಿಡುತ್ತಿಲ್ಲ. ಸೈನ್ಸ್ ಕಿಟ್ ತರಿಸಿದರೆ ಒಂದು ಸಲ ಮಾಡಿ ಡಬ್ಬ ಮೂಲೆಗೆ ಹಾಕ್ತಾರೆ, ದುಡ್ಡು ದಂಡ. ಮನೆಗೆ ತಾರಸಿ ಇದೆ, ಹಿತ್ತಲಲ್ಲಿ ಒಂದು ಬೇವಿನ ಮರ ಇದೆ. ಬಿಸಿಲಿಗಂತೂ ಬರ ಇಲ್ಲ. ಖರ್ಚಿಲ್ಲದೆ ಇಬ್ಬರೂ ಸೇರಿ ಮಾಡುವಂಥದ್ದು ಏನಿದೆ?

ನೆರಳು ಅಳೆಯುವವ:
ಅಕ್ಕ, ಬಿಸಿಲು ಇದೆ ಅಂದ್ರಲ್ಲ, ಅದನ್ನೇ ಬಳಸಿಕೊಳ್ಳಿ. ನಿಮ್ಮೂರಲ್ಲಿ ಏಪ್ರಿಲ್ 29ರ ಆಸುಪಾಸು ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ. ಶೂನ್ಯ ನೆರಳಿನ ದಿನ ಅಂತಾರಲ್ಲ, ಅದು. ಬೆಂಗಳೂರಿಗೆ ಏಪ್ರಿಲ್ 24ಕ್ಕೇ ಬಂದಿರುತ್ತೆ, ಕಲಬುರಗಿಗೆ ಮೇ ಎರಡನೇ ವಾರ.

ತಾರಸಿ ಮೇಲೆ ಒಂದು ಮೀಟರ್ ಉದ್ದದ ಕೋಲು ನಿಲ್ಲಿಸಿ. ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟು ಕೋಲು ನೆಟ್ಟಗಿದೆಯಾ ನೋಡಿ, ಸ್ವಲ್ಪ ವಾಲಿದರೂ ಲೆಕ್ಕ ಕೆಡುತ್ತೆ. ದಾವಣಗೆರೆಗೆ ನಿಜವಾದ ನಡುಹಗಲು ಗಡಿಯಾರದ 12ಕ್ಕಲ್ಲ, ಈಗ ಸುಮಾರು 12:24ಕ್ಕೆ. ಯಾಕೆ ತಡ ಅಂತ ಮಗನಿಗೇ ಕೇಳಿ. ನಮ್ಮ ಗಡಿಯಾರವೆಲ್ಲ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ ನಡೆಯುತ್ತೆ, ದಾವಣಗೆರೆ ಅದಕ್ಕಿಂತ ಪಶ್ಚಿಮಕ್ಕಿದೆ. ಅಟ್ಲಾಸ್ ತೆಗೆದು ಅವನೇ ಕಂಡುಹಿಡಿಯಲಿ, ನೀವು ಮೊದಲೇ ಹೇಳಿಬಿಟ್ಟರೆ ಅರ್ಧ ಖುಷಿ ಹೋಯ್ತು.

ಅಷ್ಟಕ್ಕೇ ನಿಲ್ಲಿಸಬೇಡಿ. ಮೇ ತಿಂಗಳಲ್ಲೂ ವಾರಕ್ಕೊಂದು ಸಲ ಅದೇ ಹೊತ್ತಿಗೆ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ. ಚಳಿಗಾಲದಲ್ಲಿ ಉತ್ತರಕ್ಕೆ ಬೀಳುತ್ತಿದ್ದ ನಡುಹಗಲ ನೆರಳು ಈಗ ದಕ್ಷಿಣಕ್ಕೆ ತಿರುಗಿರುತ್ತೆ! ಮೇ 20ರ ಹೊತ್ತಿಗೆ ಒಂಬತ್ತು ಹತ್ತು ಸೆಂ.ಮೀ. ಆಗಿರುತ್ತೆ. ಉತ್ತರ ಭಾರತದ ದೆಹಲಿಯಲ್ಲಿರುವ ಮಕ್ಕಳಿಗೆ ಇದು ಯಾವತ್ತೂ ಕಾಣಲ್ಲ. ಸೂರ್ಯನನ್ನು ನೇರ ನೋಡಬಾರದು ಅಂತ ಮಾತ್ರ ಗಟ್ಟಿಯಾಗಿ ಹೇಳಿ. ಟೋಪಿ ಹಾಕಿಸಿ, ಹತ್ತು ನಿಮಿಷ ಸಾಕು.

ಕಾಡುಮಲ್ಲಿಗೆ:
ಇದು ದೊಡ್ಡವನಿಗಾಯ್ತು. ಪುಟ್ಟಿಗೆ ಬೇವಿನ ಮರ ಇದೆಯಲ್ಲ. ಬೆಳಿಗ್ಗೆ ಎಲೆ ತುಂಬಿರೋ ಒಂದು ರೆಂಬೆಗೆ ಪಾಲಿಥಿನ್ ಕವರ್ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ. ಸ್ವಲ್ಪ ಹೊತ್ತಲ್ಲೇ ಒಳಗೆ ಮಂಜು ಕಟ್ಟಿದ ಹಾಗಾಗುತ್ತೆ, ಆಮೇಲೆ ಹನಿ ಇಳಿಯುತ್ತೆ. ಎಲೆ ಇಲ್ಲದ ಬರೀ ಕಡ್ಡಿಗೂ ಒಂದು ಕವರ್ ಕಟ್ಟಿ, ನೀರು ಎಲ್ಲಿಂದ ಬಂತು ಅಂತ ಅವಳೇ ಹೇಳ್ತಾಳೆ.

ಹಾಗೇ ಗೋಡೆ ಬುಡದ ಒಣ ಪುಡಿಮಣ್ಣಲ್ಲಿ ಪುಟ್ಟ ಪುಟ್ಟ ಗುಂಡಿ ಇದ್ದಾವಾ ನೋಡಿ. ತಳದಲ್ಲಿ ಒಂದು ಹುಳ ಕೂತಿರುತ್ತೆ. ಇರುವೆ ಅಂಚಿಗೆ ಬಂದರೆ ಮಣ್ಣು ಜಾರಿ ಕೆಳಗೆ ಬೀಳುತ್ತೆ, ಹತ್ತಕ್ಕೆ ಹೋದರೆ ಹುಳ ತಲೆಯಿಂದ ಮಣ್ಣು ಎರಚಿ ಬೀಳಿಸುತ್ತೆ. ಹುಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದರೂ ಎರಚುತ್ತೆ, ಇರುವೆ ಹಿಡಿದು ಹಾಕೋದು ಬೇಡ. ದಪ್ಪ ಮಣ್ಣಿಗಿಂತ ನುಣ್ಣನೆ ಮಣ್ಣಲ್ಲೇ ಯಾಕೆ ಜಾಸ್ತಿ ಇರ್ತಾವೆ ಅಂತ ನನ್ನ ಮಗಳು ಕೇಳಿದ್ದಳು, ಎರಡೂ ಥರದ ಮಣ್ಣು ತಟ್ಟೆಗೆ ಗುಡ್ಡೆ ಹಾಕಿ ಯಾವುದು ಎಷ್ಟು ಜಾರುತ್ತೆ ಅಂತ ನೋಡುತ್ತಾ ಒಂದು ಮಧ್ಯಾಹ್ನ ಕಳೆದೆವು. ಈ ಹುಳವೇ ಮುಂದೆ ರೆಕ್ಕೆ ಬಂದು, ನೋಡೋಕೆ ಏರೋಪ್ಲೇನ್ ಚಿಟ್ಟೆ ಥರ ಆಗುತ್ತೆ.

ಕುಡ್ಲದ ಅಜ್ಜಿ:
ಆ ಕವರನ್ನು ಮಧ್ಯಾಹ್ನದ ಬಿಸಿಲಿಗೆ ಬಿಡಬೇಡಮ್ಮಾ, ಎಲೆ ಬೆಂದುಹೋಗುತ್ತದೆ. ಹನಿ ಕಂಡ ಕೂಡಲೇ ಬಿಚ್ಚಿಸು.

ಇನ್ನೊಂದು ಹೇಳ್ತೇನೆ. ಎರಡು ಒಂದೇ ಥರದ ಸ್ಟೀಲ್ ಬಾಟಲಿಗೆ ಸಮ ನೀರು ತುಂಬಿ, ಒಂದಕ್ಕೆ ಒದ್ದೆ ಹತ್ತಿ ಬಟ್ಟೆ ಸುತ್ತಿ, ನೆರಳಲ್ಲಿ ಗಾಳಿಯಾಡುವ ಕಡೆ ಇಡಿ. ಬಟ್ಟೆ ಒಣಗದ ಹಾಗೆ ನೋಡಿಕೊಂಡು ಗಂಟೆಗೊಮ್ಮೆ ಥರ್ಮಾಮೀಟರಿನಲ್ಲಿ ಅಳೆಯಲಿ. ಜ್ವರ ನೋಡುವುದು ಬೇಡ, ಲ್ಯಾಬಿನಲ್ಲಿರುವಂಥದ್ದು ಬೇಕು. ನಿಮ್ಮ ಒಣ ಹವೆಗೆ ಚೆನ್ನಾಗಿ ತಣ್ಣಗಾಗುತ್ತದೆ. ಮಂಗಳೂರಿನಲ್ಲಿ ಗಾಳಿಯಲ್ಲೇ ನೀರಿನ ಪಸೆ ಜಾಸ್ತಿ, ಬಟ್ಟೆ ಬೇಗ ಆರುವುದಿಲ್ಲ, ಅಷ್ಟು ತಣಿಯುವುದಿಲ್ಲ. ಕರಾವಳಿಯಲ್ಲಿ ನೆಂಟರಿದ್ದರೆ ಅವರ ಮಕ್ಕಳೂ ಅದೇ ದಿನ ಮಾಡಲಿ, ಸಂಜೆ ಫೋನಿನಲ್ಲಿ ಲೆಕ್ಕ ಹೋಲಿಸಲಿ.

ಬೆಣ್ಣೆದೋಸೆ ಊರಿನವಳು:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಉಡುಪಿಯಲ್ಲಿ ನಾದಿನಿ ಮಕ್ಕಳಿದ್ದಾರೆ, ಇವತ್ತೇ ಹೇಳ್ತೀನಿ. 29ಕ್ಕೆ ಮೋಡ ಆದರೆ ಏನು ಮಾಡೋದು?

ನೆರಳು ಅಳೆಯುವವ:
ಹಿಂದಿನ ದಿನ, ಮಾರನೇ ದಿನ ಎರಡೂ ನೋಡಿ. ಒಂದು ದಿನ ಆಚೀಚೆ ಆದರೂ ಮೀಟರ್ ಕೋಲಿನ ನೆರಳು ಅರ್ಧ ಸೆಂ.ಮೀ. ಅಷ್ಟೇ ಇರುತ್ತೆ. ಅದೂ ತಪ್ಪಿದರೆ ಆಗಸ್ಟ್ 13ರ ಹೊತ್ತಿಗೆ ಇನ್ನೊಂದು ಸಲ ಬರುತ್ತೆ, ಆದರೆ ಅದು ಮಳೆಗಾಲ, ಬಿಸಿಲು ಸಿಗೋದು ಕಷ್ಟ. ಈಗಲೇ ಮಾಡಿಸಿ.