ತಂಗಿ, ಆ ಪ್ಲೇಟ್ ಮೇಲೆ ಕೂಸನ್ನು ನಿಲ್ಲಿಸುವ ಮೊದಲು

ತಂಗಿ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ನನ್ನ ಮಗ ಮಾಣಿಗೆ ದೋಸೆ ತಿನ್ನಿಸಿ, ಕಾಲಿಗೆ ಆಸರೆಯ ಸ್ಪ್ಲಿಂಟ್ ಹಾಕಿ, ಶಾಲೆಗೆ ಬಿಟ್ಟು ಈಗ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು. ಗುಂಪಿನಲ್ಲೇ ಹೇಳುತ್ತಿದ್ದೇನೆ, ಭಾವನಿಗೂ ಅತ್ತೆಗೂ ಗೊತ್ತಾಗಲಿ.

ನೀನು ಕೇಳಿದ್ದು ಇದು ಅಲ್ವಾ? ಕೂಸಿಗೆ ಐದು ವರ್ಷ, ಸಿಪಿ, ಅಂದರೆ ಮೆದುಳಿನ ತೊಂದರೆಯಿಂದ ಬರುವ ಸೆರೆಬ್ರಲ್ ಪಾಲ್ಸಿ, ಎರಡೂ ಕಾಲು ಬಿಗಿ, ತುದಿಗಾಲಲ್ಲೇ ನಿಲ್ಲುತ್ತಾಳೆ. ಭಾವನ ಗೆಳೆಯರ ಮನೆಯಲ್ಲಿ ತೂಕ ಇಳಿಸಲು ತಂದ ವೈಬ್ರೇಷನ್ ಪ್ಲೇಟ್, ಮೇಲೆ ನಿಂತರೆ ಅದುರುವ ಹಲಗೆಯ ಮಿಷನ್, ಸುಮ್ನೆ ಬಿದ್ದಿದೆ. ಅದನ್ನು ಸಿರ್ಸಿಗೆ ತಂದು ದಿನಾ ಹತ್ತು ನಿಮಿಷ ಅವಳನ್ನು ನಿಲ್ಲಿಸಿದರೆ ಕಾಲು ಸಡಿಲ ಆಗುತ್ತದಾ ಅಂತ.

ಆ ಪ್ಲೇಟ್ ಬೇಡ ತಂಗಿ. ಹಾಗಂತ ವೈಬ್ರೇಷನ್ ಚಿಕಿತ್ಸೆಯೇ ಸುಳ್ಳು ಎಂದು ನಾನು ಹೇಳುತ್ತಿಲ್ಲ. ನಮ್ಮ ಮಾಣಿಗೆ ಎರಡು ವರ್ಷದಿಂದ ಫಿಸಿಯೋ ಹತ್ತಿರವೇ ಕೊಡಿಸುತ್ತಿದ್ದೇವೆ. ಅದಾದ ಮೇಲೆ ಅವನ ಹಿಮ್ಮಡಿ ನೆಲಕ್ಕೆ ಚೆನ್ನಾಗಿ ಊರುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ. ಆದರೆ ಶುರುವಿನಲ್ಲಿ ನಾನೇ ಒಂದು ತಪ್ಪು ಮಾಡಿದ್ದೆ, ಮೊದಲು ಅದನ್ನು ಹೇಳಿಬಿಡುತ್ತೇನೆ.

ಮಾಣಿ ನಿನ್ನ ಕೂಸಿನಷ್ಟೇ ಇದ್ದಾಗ ಕೈಯಲ್ಲಿ ಹಿಡಿಯುವ ಮಸಾಜ್ ಮಿಷನ್ ಒಂದನ್ನು ತರಿಸಿದ್ದೆ. ಮೀನಖಂಡ ಬಿಗಿ ಇದೆ, ಹಾಗಾದರೆ ಮೀನಖಂಡಕ್ಕೇ ಹಿಡಿಯಬೇಕು ಎಂದು ನನ್ನ ಲೆಕ್ಕ. ದಿನಾ ರಾತ್ರಿ ಹಿಡಿದೆ. ಒಂದು ವಾರದಲ್ಲಿ ಅವನು ಮೊದಲಿಗಿಂತ ಜಾಸ್ತಿ ತುದಿಗಾಲು ಮಾಡತೊಡಗಿದ. ರಾತ್ರಿ ಕಾಲು ಸೆಟೆದುಕೊಂಡು ಅಳುತ್ತಿದ್ದ. ಫಿಸಿಯೋ ಮೇಡಂ ಕೇಳಿ ಬೈಯಲಿಲ್ಲ. ಕೂರಿಸಿಕೊಂಡು ಬಿಡಿಸಿ ಹೇಳಿದರು. ಕಂಪನ ಕೊಟ್ಟ ಸ್ನಾಯು ತಾನಾಗಿಯೇ ಹಿಡಿದುಕೊಳ್ಳುತ್ತದಂತೆ. ನಮ್ಮ ನರಗಳಲ್ಲಿ ಹುಟ್ಟಿನಿಂದಲೇ ಇರುವ ಪ್ರತಿಕ್ರಿಯೆ ಅದು. ಅದೇ ಹೊತ್ತಿಗೆ ಎದುರು ಬದಿಯ ಸ್ನಾಯು ಸಡಿಲ ಬಿಡುತ್ತದೆ. ಹಾಗಾಗಿ ಅವರು ಮೀನಖಂಡ ಬಿಟ್ಟು, ಮೊಣಕಾಲಿನ ಕೆಳಗೆ ಮುಂಭಾಗದ ಸ್ನಾಯುವಿಗೆ ಹಿಡಿದು ತೋರಿಸಿದರು. ಪಾದ ಮೇಲೆ ಎದ್ದಿತು. ಯಾವ ಮಗುವಿಗೆ ಎಲ್ಲಿ, ಎಷ್ಟು ವೇಗದಲ್ಲಿ, ಎಷ್ಟು ಹೊತ್ತು ಎನ್ನುವುದನ್ನು ಮುಟ್ಟಿ ನೋಡಿದವರೇ ಹೇಳಬೇಕು. ನಾನು ಮೊಬೈಲ್ ನೋಡಿ ಮಾಡಿದ್ದೆ. ಆ ಒಂದು ವಾರ ಅವನು ಅತ್ತಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಭಾವ, ನೀವು ಬೇಜಾರು ಮಾಡಿಕೊಳ್ಳಬೇಡಿ. ನೀವು ಪ್ರೀತಿಯಿಂದಲೇ ಹೇಳಿದ್ದೀರಿ. ತೋಟದಲ್ಲಿ ಹುಲ್ಲು ಕತ್ತರಿಸುವ ಮಿಷನ್ ಅರ್ಧ ದಿನ ಹಿಡಿದರೆ ಕೈ ಹೇಗೆ ಜುಂ ಎನ್ನುತ್ತದೆ ಎಂದು ನಿಮಗೇ ಗೊತ್ತು. ಅದೂ ಕಂಪನವೇ ಅಲ್ವಾ? ಎಷ್ಟು ಎಂಬುದರ ಮೇಲೆ ಒಳ್ಳೆಯದೂ ಆಗುತ್ತದೆ, ಕೆಟ್ಟದ್ದೂ ಆಗುತ್ತದೆ. ತೂಕ ಇಳಿಸುವ ಪ್ಲೇಟ್‌ಗಳಲ್ಲಿ 1ರಿಂದ 99ರವರೆಗೆ ಲೆವೆಲ್ ಅಂತ ಬರೆದಿರುತ್ತಾರೆ. ಅದು ಎಷ್ಟು ಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ, ಹಲಗೆ ಎಷ್ಟು ಮಿಲಿಮೀಟರ್ ಏರಿಳಿಯುತ್ತದೆ ಎಂದು ಎಷ್ಟೋ ಮಿಷನ್‌ಗಳಲ್ಲಿ ಇರುವುದೇ ಇಲ್ಲ. ಏರಿಳಿತ ಅಷ್ಟೇ ಇದ್ದು ಹರ್ಟ್ಸ್ ಎರಡು ಪಟ್ಟಾದರೆ ಮೈಗೆ ತಾಗುವ ಬಲ ನಾಲ್ಕು ಪಟ್ಟಾಗುತ್ತದೆ. ಇನ್ನು ತಕ್ಕಡಿ ಹಾಗೆ ಎಡಬಲ ತೂಗುವ ಪ್ಲೇಟ್ ಆದರೆ, ಕಾಲು ಅಗಲಿಸಿದಷ್ಟೂ ಹೊಡೆತ ಜಾಸ್ತಿ. ದೊಡ್ಡವರಿಗೆ ಅಂತ ಮಾಡಿದ ಮಿಷನ್ ಮೇಲೆ ಹದಿನೈದು ಕೆಜಿಯ ಕೂಸು ನಿಂತರೆ ಏನಾಗುತ್ತದೆ, ಅದರ ಪೆಟ್ಟಿಗೆಯಲ್ಲಿ ಬರೆದಿರುವುದಿಲ್ಲ.

ತಂಗಿ, ಮೊದಲು ಮಾಡಬೇಕಾದದ್ದು ಸೊಂಟದ ಎಕ್ಸ್‌ರೇ. ಬಿಗಿ ಕಾಲಿನ ಮಕ್ಕಳಲ್ಲಿ ತೊಡೆಮೂಳೆಯ ಗುಂಡು ನಿಧಾನಕ್ಕೆ ಗೂಡಿನಿಂದ ಹೊರಗೆ ಜಾರಬಹುದು. ಶುರುವಿನಲ್ಲಿ ಹೆಚ್ಚಾಗಿ ನೋವೇ ಇರುವುದಿಲ್ಲ, ಹಾಗಾಗಿ ನಮಗೆ ಗೊತ್ತಾಗುವುದಿಲ್ಲ. ಅಂಥ ಸೊಂಟವನ್ನು ನೋಡಿಸದೆ ಅಲುಗಾಡಿಸಬಾರದು. ಇನ್ನೊಂದು, ಫಿಟ್ಸ್. ಹೋದ ವರ್ಷ ಜ್ವರದಲ್ಲಿ ಬಂದಿತ್ತು ಅಂದೆಯಲ್ಲ, ಮಾತ್ರೆ ಇನ್ನೂ ನಡೆಯುತ್ತಿದೆಯಲ್ಲ, ಅದನ್ನು ನರರೋಗದ ಡಾಕ್ಟರರಿಗೆ ಹೇಳಿಯೇ ಮುಂದುವರಿಯಬೇಕು. ಹತೋಟಿಗೆ ಬಾರದ ಫಿಟ್ಸ್ ಇದ್ದರೆ ವೈಬ್ರೇಷನ್ ಕೊಡುವುದಿಲ್ಲ. ಫೆನಿಟಾಯಿನ್, ಫಿನೋಬಾರ್ಬಿಟೋನ್ ಥರದ ಫಿಟ್ಸ್ ಮಾತ್ರೆಗಳನ್ನು ಬಹಳ ಕಾಲ ತಿಂದರೆ ಮೈಯಲ್ಲಿ ವಿಟಮಿನ್ ಡಿ ಕಡಿಮೆಯಾಗಬಹುದು, ಮೂಳೆ ದುರ್ಬಲವಾಗಬಹುದು. ನಡೆಯದ ಮಕ್ಕಳ ಮೂಳೆ ಮೊದಲೇ ತೆಳು. ವೈಬ್ರೇಷನ್ ಮೂಳೆ ಗಟ್ಟಿ ಮಾಡಲಿ ಎಂದೇ ಎಷ್ಟೋ ಕಡೆ ಕೊಡುತ್ತಾರೆ, ನಿಜ. ಆದರೆ ಈಗಷ್ಟೇ ಮುರಿದು ಕೂಡಿಕೊಳ್ಳುತ್ತಿರುವ ಮೂಳೆಗೆ ಕೊಡಬಾರದು. ಹೊಸ ಆಪರೇಷನ್ ಗಾಯಕ್ಕೂ ಬೇಡ, ಜ್ವರ ಇದ್ದ ದಿನವೂ ಬೇಡ. ತಲೆಯಲ್ಲಿ ಶಂಟ್, ಅಂದರೆ ಮೆದುಳಿನ ನೀರು ಇಳಿಸುವ ಕೊಳವೆ, ಇರುವ ಮಕ್ಕಳಿದ್ದರೆ ಆಪರೇಷನ್ ಮಾಡಿದ ಡಾಕ್ಟರರನ್ನು ಕೇಳದೆ ಮುಟ್ಟಲೇಬಾರದು. ನಮ್ಮ ಕೂಸಿಗೆ ಶಂಟ್ ಇಲ್ಲ, ಗುಂಪಿನಲ್ಲಿ ಬೇರೆ ಯಾರಿಗಾದರೂ ಬೇಕಾದೀತು ಎಂದು ಹೇಳಿದೆ.

ಮಾಣಿಗೆ ಹೇಗೆ ಕೊಡುತ್ತಾರೆ ಹೇಳುತ್ತೇನೆ. ಇದನ್ನು ನೋಡಿ ಮನೆಯಲ್ಲಿ ಮಾಡಬೇಡ, ಹೇಗಿರುತ್ತದೆ ಎಂದು ತಿಳಿಯಲಿ ಅಂತ ಅಷ್ಟೇ. ಶುರುವಿನಲ್ಲಿ 12 ಹರ್ಟ್ಸ್, ಒಂದೇ ನಿಮಿಷ, ಪಾದ ಹತ್ತಿರ ಹತ್ತಿರ. ತಿಂಗಳುಗಳ ಮೇಲೆ 18 ಹರ್ಟ್ಸ್‌ಗೆ ಬಂದರು. ಈಗ ಮೂರು ನಿಮಿಷ, ಆಮೇಲೆ ಕೂತು ವಿಶ್ರಾಂತಿ, ಹೀಗೆ ಮೂರು ಸಲ. ಮೊಣಕಾಲು ಯಾವಾಗಲೂ ಸ್ವಲ್ಪ ಬಗ್ಗಿರಬೇಕು. ನೆಟ್ಟಗೆ ಸೆಟೆದು ನಿಂತರೆ ಕಂಪನ ನೇರ ತಲೆಗೆ ಏರುತ್ತದೆ. ಕಣ್ಣು ಅದುರುವುದು, ಹಲ್ಲು ಕಟಕಟ ಎನ್ನುವುದು, ತಲೆನೋವು ಎಲ್ಲ ಆಗಲೇ. ಕೂಸಿಗೆ ಮೊಣಕಾಲು ಬಗ್ಗಿಸಿ ಹಿಡಿದುಕೊಳ್ಳುವ ಶಕ್ತಿ ಇದೆಯಾ, ಅದನ್ನೂ ಫಿಸಿಯೋ ನೋಡುತ್ತಾರೆ. ಇಲ್ಲದಿದ್ದರೆ ಒರಗುವ ಹಲಗೆಗೆ ಕಟ್ಟಿ ಕೊಡುವ ಮಿಷನ್ ಬೇರೆಯೇ ಇದೆ. ಊಟ ಆದ ಕೂಡಲೇ ನಿಲ್ಲಿಸುವುದಿಲ್ಲ, ವಾಂತಿ ಆಗಬಹುದು.

ಕಾಲು ಕೆಂಪಾಗಿ ತುರಿಸಿದರೆ ಗಾಬರಿ ಬೇಡ, ರಕ್ತ ಜಾಸ್ತಿ ಓಡುವುದರಿಂದ ಹಾಗಾಗುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಆದರೆ ನಮ್ಮ ಕೂಸು ಬಾಯಿಬಿಟ್ಟು ಹೇಳುವವಳಲ್ಲ. ಅವಳ ಮುಖವೇ ನಿನಗೆ ಮೀಟರ್. ಹುಬ್ಬು ಗಂಟಿಕ್ಕಿದರೆ, ಬಿಳಿಚಿಕೊಂಡರೆ, ಒಂದು ಕಾಲನ್ನು ಎತ್ತಿ ಹಿಡಿದರೆ, ಆ ಕ್ಷಣವೇ ನಿಲ್ಲಿಸು ಎಂದು ಫಿಸಿಯೋಗೆ ಹೇಳು. ಸಂಕೋಚ ಮಾಡಬೇಡ. ಮಾರನೆಯ ದಿನ ಕಾಲು ಮುಟ್ಟಿದರೆ ಅಳುತ್ತಾಳಾ, ಊದಿದೆಯಾ, ಅದನ್ನೂ ನೋಡು.

ಮುಂದೆ ಎಂದಾದರೂ ಮನೆಗೇ ಮಿಷನ್ ತರಲು ಅವರೇ ಹೇಳಿದರೆ, ಆಗಲೂ ಒಬ್ಬರು ಮಗುವನ್ನು ಹಿಡಿದಿರಬೇಕು, ಇನ್ನೊಬ್ಬರು ಸ್ವಿಚ್ ಹತ್ತಿರ ಇರಬೇಕು. ನಿಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಮಗು ಮೇಲಿದ್ದಾಗ ಮಿಷನ್ ತಟ್ಟನೆ ನಿಂತು ತಟ್ಟನೆ ಶುರುವಾದರೆ ಬೀಳುತ್ತಾಳೆ. ಕರೆಂಟ್ ಹೋದ ಕೂಡಲೇ ಪ್ಲಗ್ ಕಿತ್ತು, ಅವಳನ್ನು ಇಳಿಸಿಕೊಳ್ಳಬೇಕು. ಅಂಗಳದಿಂದ ಒದ್ದೆ ಕಾಲಲ್ಲಿ ಬಂದು ಹತ್ತಿಸಬಾರದು. ಜಗುಲಿಯ ಏರುತಗ್ಗು ನೆಲ ಬೇಡ.

ಅತ್ತೆ ಕೇಳಿದ್ದರು, ನಡೆಯುತ್ತಾಳಾ ಅಂತ. ಅತ್ತೆ, ನಾನು ಸುಳ್ಳು ಹೇಳಲಾರೆ. ಮಿಷನ್ ಒಂದರಿಂದ ಯಾರೂ ನಡೆದಿಲ್ಲ. ಬಿಗಿ ಇಳಿಯುವುದು ಸ್ವಲ್ಪ ಹೊತ್ತಿಗೆ ಮಾತ್ರ. ಆ ಹೊತ್ತಿನಲ್ಲೇ ಕಾಲು ಎಳೆದು ಬಿಡುವುದು, ಕೂತು ಏಳಿಸುವುದು, ಹೆಜ್ಜೆ ಹಾಕಿಸುವುದು ಮಾಡಿದರೆ ಉಪಯೋಗ. ಜರ್ಮನಿಯ ಕಲೋನ್‌ನಲ್ಲಿ ಮಕ್ಕಳಿಗೆ ಮನೆಗೇ ಮಿಷನ್ ಕೊಟ್ಟು ಆರು ತಿಂಗಳು ಮಾಡಿಸುತ್ತಾರೆ. ಅಲ್ಲೂ ಮಗುವನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡು ಜೋರು ವ್ಯಾಯಾಮ ಮಾಡಿಸುವುದು ಅದರ ಭಾಗವೇ. ಇಲ್ಲಿವರೆಗಿನ ಅಧ್ಯಯನಗಳೂ ಸಣ್ಣ ಸಣ್ಣವು. ಕೆಲವು ಮಕ್ಕಳಿಗೆ ಗುಣ ಕಾಣುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಮೂರು ತಿಂಗಳು ನೋಡಿ, ಕಾಣದಿದ್ದರೆ ಬಿಟ್ಟರೂ ತಪ್ಪಿಲ್ಲ. ಸ್ಪ್ಲಿಂಟ್ ಮತ್ತು ದಿನದ ವ್ಯಾಯಾಮ ಮಾತ್ರ ಬಿಡಬೇಡ.

ದುಡ್ಡಿನ ಮಾತು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ಸಿಪಿ ಮಕ್ಕಳಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿ ಖರ್ಚೂ ಅದರಲ್ಲಿ ಸೇರಿದೆ. ಅಂಗವಿಕಲರ ಯುಡಿಐಡಿ ಕಾರ್ಡ್ ಮಾಡಿಸಿದ್ದೀಯಾ? ಇಲ್ಲದಿದ್ದರೆ ಈ ವಾರವೇ ಅರ್ಜಿ ಹಾಕು, ಕಾಗದಪತ್ರ ನಾನು ಹೇಳುತ್ತೇನೆ.

ಶನಿವಾರ ದೇವಿಮನೆ ಘಾಟಿ ದಾರಿ ತೆರೆದಿದ್ದರೆ ಮಾಣಿಯನ್ನೂ ಕರೆದುಕೊಂಡು ಕುಮಟೆಯಿಂದ ಬೆಳಿಗ್ಗೆಯ ಬಸ್ಸಿಗೇ ಬರುತ್ತೇನೆ. ಕೂಸಿನ ಹಳೆಯ ಎಕ್ಸ್‌ರೇ, ಮಾತ್ರೆ ಚೀಟಿ ಎಲ್ಲ ಒಂದು ಚೀಲದಲ್ಲಿ ಹಾಕಿ ಇಟ್ಟಿರು. ಅಲ್ಲಿವರೆಗೆ ಆ ಪ್ಲೇಟ್ ಭಾವನ ಗೆಳೆಯರ ಮನೆಯಲ್ಲೇ ಇರಲಿ.